ಮನೆಯ ಕ್ಯಾಸೆಟ್‌ಗಳು ಮೂಕವಾಗುವ ಮುನ್ನ

ಹಾಸನ ಜಿಲ್ಲೆಯ ಹಿರೀಸಾವೆ ಹೋಬಳಿಯ ಹಳೆಯ ಹೆಂಚಿನ ಮನೆಗಳಲ್ಲಿ ಕ್ಯಾಸೆಟ್‌ಗಳು ಉಳಿದಿರುವುದು ಸಾಮಾನ್ಯವಾಗಿ ಎರಡು ಕಡೆ. ಟಿ.ವಿ. ಇಟ್ಟ ಮೇಜಿನ ಕೆಳಗೆ ಕೆಲವು, ಕೊಬ್ಬರಿಗೆಂದು ಕಾಯಿ ಹಾಕುವ ಅಟ್ಟದ ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಇನ್ನು ಕೆಲವು. ಕೆಳಗಿರುವವು ದುಡ್ಡು ಕೊಟ್ಟು ತಂದವು: ರಾಜ್‌ಕುಮಾರ್ ಹಾಡಿದ ಭಕ್ತಿಗೀತೆ, ಸಿನಿಮಾ ಹಾಡು, ಸಿ. ಅಶ್ವತ್ಥ್ ದನಿಯಲ್ಲಿ ಶರೀಫರ ಪದ, ಮಾಸ್ಟರ್ ಹಿರಣ್ಣಯ್ಯನವರ ನಾಟಕ. ಅಟ್ಟದ ಮೇಲಿರುವವು ಮನೆಯವರೇ ತುಂಬಿಸಿಕೊಂಡವು. ಊರಿನವರು ಪಾರ್ಟು ಹಾಕಿ ಆಡಿದ ‘ಕುರುಕ್ಷೇತ್ರ’, ಮದುವೆ ಚಪ್ಪರದಲ್ಲಿ ಹೆಂಗಸರು ಹೇಳಿದ ಸೋಬಾನೆ, ರಾಗಿ ಬೀಸುವ ಪದ, ಬೆಂಗಳೂರಿಗೋ ದುಬೈಗೋ ಹೋದ ಮಗನಿಗೆಂದು ಅಪ್ಪ ಆಡಿದ ನಾಲ್ಕು ಮಾತು.

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೆಳಗಿನವು ಹಾಳಾದರೆ ಬೇಸರವಾಗಬಹುದು, ಆದರೆ ಅದೇ ಹಾಡು ಮೊಬೈಲಿನಲ್ಲಿ ಸಿಗುತ್ತದೆ. ಅಟ್ಟದ ಮೇಲಿನವಕ್ಕೆ ಎರಡನೇ ಪ್ರತಿ ಪ್ರಪಂಚದಲ್ಲೆಲ್ಲೂ ಇಲ್ಲ. ಬಿಸಿಲು, ಹೊಗೆ, ಇಲಿ, ದೂಳು ಎಲ್ಲವನ್ನೂ ಸಹಿಸುತ್ತಿರುವುದೂ ಅವೇ. ಹಳೆ ಕ್ಯಾಸೆಟ್ ಏಕೆ ಕೆಡುತ್ತದೆ, ಕೆಡುವ ಮುನ್ನ ಏನು ಮಾಡಬಹುದು ಎನ್ನುವ ಈ ಬರಹ ಮುಖ್ಯವಾಗಿ ಆ ಪೆಟ್ಟಿಗೆಯನ್ನು ಕುರಿತದ್ದು.

ಕೆಂಪು ಬಟನ್ ತಂದ ಭಾಗ್ಯ

ಫಿಲಿಪ್ಸ್ ಕಂಪನಿ ಈ ಪುಟ್ಟ ಕ್ಯಾಸೆಟ್ಟನ್ನು ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಜನರ ಮುಂದಿಟ್ಟದ್ದು 1963ರಲ್ಲಿ. ಕನ್ನಡದಲ್ಲಿ 1978ರಲ್ಲಿ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಎಂಬತ್ತರ ದಶಕದಲ್ಲಿ ರೇಡಿಯೊ, ಟೇಪು ಎರಡೂ ಇದ್ದ ‘ಟೂ ಇನ್ ಒನ್’ ಹಳ್ಳಿಗೂ ಬಂತು. ಗ್ರಾಮಫೋನಿನಲ್ಲಿ ಇಲ್ಲದಿದ್ದ ಒಂದು ಸೌಲಭ್ಯ ಅದರಲ್ಲಿತ್ತು. ಕೆಂಪು ಬಟನ್ ಒತ್ತಿದರೆ ಯಾರ ದನಿಯಾದರೂ ಉಳಿಯುತ್ತಿತ್ತು.

ಹಾಸನ ಜಿಲ್ಲೆಗೆ ಇದರ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಕೂಡಿಸಿಕೊಟ್ಟ ‘ಹಳ್ಳಿಯ ಹಾಡುಗಳು’ ನಮ್ಮ ಬಳಿ ಇದೆ. ಆ ಪುಸ್ತಕದಲ್ಲಿ ಪದಗಳಿವೆ. ಯಾವ ಮಟ್ಟಿನಲ್ಲಿ ಹೇಳುತ್ತಿದ್ದರು, ಎಲ್ಲಿ ಎಳೆಯುತ್ತಿದ್ದರು, ಸೊಲ್ಲನ್ನು ಯಾರು ಎತ್ತಿ ಯಾರು ಹಿಡಿಯುತ್ತಿದ್ದರು ಎನ್ನುವುದು ಅಚ್ಚಿನಲ್ಲಿ ಉಳಿಯುವ ಸಂಗತಿಯಲ್ಲ. ಸಕಲೇಶಪುರದ ಎಸ್.ಕೆ. ಕರೀಂಖಾನರು ಜನಪದ ಗೀತೆಗಳನ್ನು ಕೂಡಿಸಿದ್ದಷ್ಟೇ ಅಲ್ಲ, ಊರೂರಿಗೆ ಹೋಗಿ ಹಾಡಿ ತೋರಿಸಿದರು. ಮಟ್ಟು ಕಿವಿಯಿಂದ ಕಿವಿಗೇ ಹೋಗಬೇಕು ಎಂಬುದು ಅವರಿಗೆ ಗೊತ್ತಿತ್ತು. ನಿಮ್ಮ ಅಜ್ಜಿಯ ಸೋಬಾನೆ ತುಂಬಿದ ಕ್ಯಾಸೆಟ್ ಒಂದು ಆ ಕೆಲಸವನ್ನು ಇವತ್ತೂ ಮಾಡಬಲ್ಲದು.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆ ಹೋದರೆ ಪೆಟ್ಟಿಗೆಯಲ್ಲಿ ಸಿಗುವುದು ಸಂಗೀತ. ಕಾವೇರಿ ದಡದ ಆ ಊರು ಕರ್ನಾಟಕ ಸಂಗೀತಕ್ಕೆ ಸಾಲುಸಾಲು ವಿದ್ವಾಂಸರನ್ನು ಕೊಟ್ಟಿದೆ, ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ, 1920ರಲ್ಲಿ. ಇಂಥ ಮನೆತನಗಳಲ್ಲಿ ಪಾಠದ ಕ್ಯಾಸೆಟ್‌ಗಳಿರುತ್ತವೆ. ಗುರುಗಳು ಒಂದು ಕೃತಿಯ ಸಂಗತಿಯನ್ನು ತಿದ್ದಿ ತಿದ್ದಿ ಹೇಳಿಕೊಟ್ಟದ್ದು, ರಾಮೋತ್ಸವದ ಪೆಂಡಾಲಿನಲ್ಲಿ ಕೂತು ತುಂಬಿಸಿಕೊಂಡ ಕಛೇರಿ. ಹೊಳೆನರಸೀಪುರದಲ್ಲಿ ವೇದಾಂತ ಪ್ರವಚನ, ಗಮಕ ವಾಚನ ಕೇಳಿ ಬೆಳೆದ ಮನೆಗಳಲ್ಲೂ ಇಂಥವೇ ಇರಬಹುದು. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಿಂತ ಇವು ಸಾವಿರ ಪಾಲು ಮುಖ್ಯ ಎನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ರೀಲಿನ ಮೈಯಲ್ಲೇ ಇರುವ ಮಿತಿ

ಕ್ಯಾಸೆಟ್ಟಿನ ಕೆಲವು ದೋಷಗಳು ಹುಟ್ಟಿನಿಂದ ಬಂದವು. ರೀಲಿನ ಅಗಲ 3.81 ಮಿಲಿಮೀಟರ್. ಅಷ್ಟರಲ್ಲೇ ಎ ಬದಿಯ ಎಡ ಬಲ, ಬಿ ಬದಿಯ ಎಡ ಬಲ ಎಂದು ನಾಲ್ಕು ಪಟ್ಟಿ; ಒಂದೊಂದು ಪಟ್ಟಿಗೆ ದಕ್ಕುವುದು ಸುಮಾರು 0.6 ಮಿಲಿಮೀಟರ್. ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಸ್ಟುಡಿಯೊದ ದೊಡ್ಡ ಸ್ಪೂಲ್ ಟೇಪು ಅದರ ಎಂಟು ಪಟ್ಟು ವೇಗದಲ್ಲಿ ಓಡುತ್ತಿತ್ತು. ಜಾಗ ಕಿರಿದಾಗಿ ವೇಗವೂ ಕಡಿಮೆಯಾದರೆ ತಾಳದ, ಗೆಜ್ಜೆಯ, ‘ಸ’ಕಾರದ ಮೊನಚು ಸರಿಯಾಗಿ ಕೂರುವುದಿಲ್ಲ, ಹಿಂದೆ ‘ಸ್ಸ್‌’ ಎಂಬ ಮೊರೆತ ಸದಾ ಇರುತ್ತದೆ. ಆ ಮೊರೆತ ಹಳತಾದದ್ದರಿಂದ ಬಂದದ್ದಲ್ಲ, ಹೊಸದರಲ್ಲೂ ಇತ್ತು.

ರೀಲು ಎಂದರೆ ಪಾಲಿಯೆಸ್ಟರ್ ಹಾಳೆ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ದನಿ ಇರುವುದು ಆ ಕಂದು ಪುಡಿಯ ಕಾಂತದಲ್ಲಿ. 60 ನಿಮಿಷದ ಕ್ಯಾಸೆಟ್ಟಿನ ರೀಲಿನ ದಪ್ಪ ಸುಮಾರು 18 ಮೈಕ್ರಾನ್, 90 ನಿಮಿಷದ್ದು 12, 120 ನಿಮಿಷದ್ದು 9. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ರಾತ್ರಿಯಿಡೀ ನಡೆಯುವ ನಾಟಕಕ್ಕೆ ಆಗಲಿ ಎಂದು ಹಲವರು 90, 120ರ ಕ್ಯಾಸೆಟ್ ಕೊಂಡಿದ್ದರು. ದಪ್ಪ ಕಡಿಮೆಯಾದಷ್ಟೂ ರೀಲು ಎಳೆದುಕೊಳ್ಳುವುದು, ರೋಲರಿಗೆ ಸುತ್ತಿಕೊಳ್ಳುವುದು, ಹರಿಯುವುದು ಜಾಸ್ತಿ. ಪಕ್ಕಪಕ್ಕದ ಸುತ್ತುಗಳ ಕಾಂತ ಒಂದಕ್ಕೊಂದು ಅಚ್ಚೊತ್ತುವುದೂ ಅದರಲ್ಲೇ ಹೆಚ್ಚು. ಹಾಡು ಶುರುವಾಗುವ ಒಂದೆರಡು ಸೆಕೆಂಡು ಮೊದಲೇ ಅದೇ ಹಾಡಿನ ಮಸುಕು ದನಿ ಕೇಳಿಸಿದರೆ ಕಾರಣ ಇದು. ನಿಮ್ಮ ಪೆಟ್ಟಿಗೆಯಲ್ಲಿ 120ರ ಕ್ಯಾಸೆಟ್ ಇದ್ದರೆ ಅದನ್ನು ಎಲ್ಲಕ್ಕಿಂತ ಹುಷಾರಾಗಿ ಮುಟ್ಟಿ.

ಇನ್ನೊಂದು ದೋಷ ನಮ್ಮ ಹಳ್ಳಿಗಳಿಗೇ ಹೆಚ್ಚು ಹೊಂದುವಂಥದ್ದು. ಕರೆಂಟ್ ಇಲ್ಲದ ಕಡೆ ಸೆಲ್ ಹಾಕಿ ರೆಕಾರ್ಡ್ ಮಾಡುತ್ತಿದ್ದರು. ಮೊದಲ ಅಂಕದಲ್ಲಿ ಸೆಲ್ ಹೊಸದು; ದ್ರೌಪದಿಯ ವಸ್ತ್ರಾಪಹರಣದ ಹೊತ್ತಿಗೆ ಮೋಟಾರು ನಿಧಾನವಾಗಿರುತ್ತದೆ. ನಿಧಾನವಾಗಿ ಓಡಿದ ರೀಲಿನಲ್ಲಿ ಕೂತ ದನಿಯನ್ನು ಸರಿಯಾದ ವೇಗದಲ್ಲಿ ಹಾಕಿದರೆ ಅದು ಚುರುಕಾಗಿ, ಕೀಚಲಾಗಿ ಬರುತ್ತದೆ. ಭೀಮನ ಪಾರ್ಟಿನವರ ಗಡಸು ಗಂಟಲು ಎಳೆ ಹುಡುಗನದ್ದಾಗುತ್ತದೆ. ಇದನ್ನು ಕೇಳಿ ಕ್ಯಾಸೆಟ್ ಕೆಟ್ಟುಹೋಗಿದೆ ಎಂದು ಎಸೆದವರಿದ್ದಾರೆ. ಅದು ಕೆಟ್ಟಿಲ್ಲ, ಸರಿಪಡಿಸಬಹುದು. ಹೇಗೆಂದು ಮುಂದೆ ಹೇಳುತ್ತೇನೆ.

ಕೆಡುವುದು ಎಲ್ಲೆಲ್ಲಿ

ಕೇಳಿದಷ್ಟೂ ಸವೆಯುತ್ತದೆ ಎಂಬುದು ನಿಜವೇ. ಯಂತ್ರದಲ್ಲಿ ದನಿ ಓದುವ ಹೆಡ್ಡಿಗೆ ಉಜ್ಜಿ ಉಜ್ಜಿ ಕಂದು ಪುಡಿ ಉದುರುತ್ತದೆ, ಆ ಜಾಗದಲ್ಲಿ ದನಿ ತಟಕ್ಕನೆ ಕುಗ್ಗಿ ಮತ್ತೆ ಏಳುತ್ತದೆ. ಆದರೆ ಮನೆಯ ರೆಕಾರ್ಡಿಂಗ್‌ಗಳನ್ನು ಯಾರೂ ದಿನಾ ಕೇಳಿರುವುದಿಲ್ಲ. ಅವು ಕೆಡುವುದು ಇಟ್ಟ ಜಾಗದ ದೆಸೆಯಿಂದ.

ಪುಡಿಯನ್ನು ಹಿಡಿದಿಟ್ಟ ಅಂಟು ಪಾಲಿಯುರೇಥೇನ್ ಜಾತಿಯದು. ಗಾಳಿಯ ತೇವವನ್ನು ಹೀರಿ ನಿಧಾನವಾಗಿ ಒಡೆಯುವುದು ಅದರ ಸ್ವಭಾವ. ಒಡೆದ ಮೇಲೆ ರೀಲು ಜಿಗುಟಾಗಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಕಿರ್ರೆಂದು ಕಿರುಚುತ್ತದೆ. ಈ ಕಾಯಿಲೆ ಎಪ್ಪತ್ತು ಎಂಬತ್ತರ ದಶಕದ ಕೆಲವು ಸ್ಪೂಲ್ ಟೇಪುಗಳಲ್ಲಿ ಹೆಚ್ಚು, ಕ್ಯಾಸೆಟ್‌ಗಳಲ್ಲಿ ಕಡಿಮೆ. ಕ್ಯಾಸೆಟ್ ಕಿರುಚಿದರೆ ರೀಲು ಜಾರಲೆಂದು ಹಾಕಿದ ಎಣ್ಣೆಯ ಅಂಶ ಆರಿಹೋಗಿರುವುದೋ, ಒಳಗಿನ ತೆಳು ಹಾಳೆ ಮುದುರಿರುವುದೋ ಕಾರಣವಿರಬಹುದು. ಕಿರುಚುವ ಕ್ಯಾಸೆಟ್ಟನ್ನು ಹಟ ಹಿಡಿದು ಕೊನೆಯವರೆಗೆ ಓಡಿಸಬೇಡಿ.

ಜಿಲ್ಲೆಯೊಳಗೇ ಹವೆ ಬೇರೆ ಬೇರೆ. ಅರಕಲಗೂಡು, ಸಕಲೇಶಪುರದ ಮಳೆ ಸೀಮೆಯಲ್ಲಿ ಶತ್ರು ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಸುತ್ತಿದ ರೀಲಿನ ಅಂಚಿನ ಮೇಲೆ ಬಿಳಿ ನೂಲು, ಬಿಳಿ ಚುಕ್ಕೆ ಕಾಣುತ್ತದೆ. ಇಂಥದ್ದನ್ನು ಯಂತ್ರಕ್ಕೆ ಹಾಕಲೇಬೇಡಿ. ಬೂಷ್ಟು ಯಂತ್ರಕ್ಕೆ ಅಂಟಿ ಅಲ್ಲಿಂದ ಒಳ್ಳೆಯ ಕ್ಯಾಸೆಟ್‌ಗೂ ಹಬ್ಬುತ್ತದೆ. ಮುಟ್ಟುವವರ ಉಸಿರಿಗೂ ಒಳ್ಳೆಯದಲ್ಲ. ಬೇರೆ ಕವರಿನಲ್ಲಿ ಹಾಕಿ, ಉಳಿದವುಗಳಿಂದ ದೂರ, ಒಣ ಜಾಗದಲ್ಲಿಟ್ಟು ಬಲ್ಲವರ ಕೈಗೆ ಕೊಡಿ. ಬಿಸಿಲಿಗೆ ಹರಡುವುದು, ಕೂದಲು ಒಣಗಿಸುವ ಡ್ರೈಯರ್ ಹಿಡಿಯುವುದು ಎರಡೂ ತಪ್ಪು.

ಚನ್ನರಾಯಪಟ್ಟಣ, ಹಿರೀಸಾವೆ ಕಡೆಯ ಬಯಲು ಸೀಮೆಯಲ್ಲಿ ಬೂಷ್ಟು ಅಷ್ಟಿಲ್ಲ. ಇಲ್ಲಿ ಶತ್ರು ಶೀಟಿನ ಮನೆಯ ಕಾವು ಮತ್ತು ದೂಳು. ಬೇಸಿಗೆಯಲ್ಲಿ ತಗಡಿನ ಕೆಳಗಿನ ಅಟ್ಟ ಮೈಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ ಚಿಪ್ಪು ಸೊಟ್ಟಗಾಗುತ್ತದೆ, ಸುತ್ತಿದ ರೀಲು ಬಿಗಿಯಾಗಿ ಸಡಿಲವಾಗಿ ಅಂಚು ಮಡಚಿಕೊಳ್ಳುತ್ತದೆ. ಅಡುಗೆ ಒಲೆಯ ಹೊಗೆ ಸೇರಿದರೆ ಎಣ್ಣೆಜಿಡ್ಡಿನ ಕರಿ ಒಳಗೆ ಕೂರುತ್ತದೆ. ಹುಳ ಬರದಿರಲಿ ಎಂದು ನುಸಿಗುಳಿಗೆ ಹಾಕುವವರಿದ್ದಾರೆ, ದಯವಿಟ್ಟು ಬೇಡ. ನಾಫ್ತಲೀನಿನ ಆವಿಗೆ ಕ್ಯಾಸೆಟ್ ಚಿಪ್ಪಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ರೀಲಿಗಿಂತ ಮೊದಲು ಚಿಪ್ಪಿನೊಳಗಿನ ಸಣ್ಣ ಸಾಮಾನು ಕೈಕೊಡುವುದೇ ಹೆಚ್ಚು, ಇದನ್ನು ತಿಳಿದರೆ ಅರ್ಧ ಭಯ ಹೋಗುತ್ತದೆ. ಕ್ಯಾಸೆಟ್ಟಿನ ಬಾಯಿಯಲ್ಲಿ ತೆಳು ತಾಮ್ರದ ಪಟ್ಟಿಗೆ ಅಂಟಿಸಿದ ಪುಟ್ಟ ಮೆತ್ತೆ ಕಾಣುತ್ತದಲ್ಲ, ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಬಿದ್ದುಹೋದರೆ ದನಿ ಬಾವಿಯೊಳಗಿಂದ ಬಂದಂತೆ ಮಂದವಾಗುತ್ತದೆ. ರೀಲಿನಲ್ಲಿರುವ ದನಿಗೆ ಏನೂ ಆಗಿರುವುದಿಲ್ಲ. ಹಾಗೆಯೇ ರೀಲಿನ ತುದಿ ಚಕ್ರದಿಂದ ಕಳಚಿಕೊಂಡು ಒಳಗೇ ಕೂತಿದ್ದರೂ ಒಂದು ತುಂಡು ದನಿಯೂ ಕಳೆದಿರುವುದಿಲ್ಲ.

ಇಂಥದ್ದನ್ನು ಸರಿಪಡಿಸಲು, ಐದು ಸ್ಕ್ರೂ ಇರುವ ಚಿಪ್ಪಾದರೆ ಬಿಚ್ಚಬಹುದು. ಬೇಡದ, ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ ತೆಗೆದು ಅದರ ರೀಲನ್ನು ಹೊರಗಿಟ್ಟು, ಕೆಟ್ಟ ಕ್ಯಾಸೆಟ್ಟಿನ ಎರಡು ಚಕ್ರಗಳನ್ನು ರೀಲಿನ ಸಮೇತ ಅದರಲ್ಲಿ ಕೂರಿಸಿದರೆ ಆಯಿತು. ಚಿಪ್ಪನ್ನು ಮೇಜಿನ ಮೇಲೆ ಮಲಗಿಸಿಯೇ ತೆರೆಯಿರಿ, ಬಿಚ್ಚುವ ಮುನ್ನ ರೀಲು ಹಾದುಹೋದ ದಾರಿಯ ಫೋಟೊ ತೆಗೆದುಕೊಳ್ಳಿ, ಒಮ್ಮೆ ಬೇಡದ ಕ್ಯಾಸೆಟ್ಟಿನ ಮೇಲೆ ಕೈ ಪಳಗಿಸಿಕೊಳ್ಳಿ. ಸ್ಕ್ರೂ ಇಲ್ಲದೆ ಬೆಸೆದ ಚಿಪ್ಪನ್ನು ಅನುಭವವಿಲ್ಲದವರು ಒಡೆಯದಿರುವುದೇ ಸರಿ. ರೀಲು ಹರಿದಿದ್ದರೆ ಸೆಲ್ಲೊಟೇಪ್ ಹಚ್ಚಬಾರದು. ಅದರ ಗೋಂದು ಕಾಲ ಕಳೆದಂತೆ ಹರಿದು ಪಕ್ಕದ ಸುತ್ತುಗಳನ್ನೂ ಅಂಟಿಸಿಬಿಡುತ್ತದೆ. ಟೇಪು ಬೆಸೆಯುವುದಕ್ಕೇ ಮಾಡಿದ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ.

ಮೊದಲು ಸಾಯುವುದು ಯಂತ್ರ

ಕ್ಯಾಸೆಟ್ ಇನ್ನೂ ಇಪ್ಪತ್ತು ವರ್ಷ ಬಾಳಬಹುದು. ಅದನ್ನು ಓದುವ ಯಂತ್ರ ಅಷ್ಟು ಕಾಲ ಇರುವುದಿಲ್ಲ. ಯುನೆಸ್ಕೊದ ‘ಎಲ್ಲರಿಗೂ ಮಾಹಿತಿ’ ಕಾರ್ಯಕ್ರಮ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಇದೇ ಎಚ್ಚರಿಕೆ ಕೊಟ್ಟವು: ಕಾಂತ ಟೇಪುಗಳನ್ನು ಓದುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲ ಕೈಗಳು 2025ರ ಸುಮಾರಿಗೆ ತೀರಾ ವಿರಳವಾಗುತ್ತವೆ ಎಂದು. ನಮ್ಮ ಪೇಟೆಗಳಲ್ಲೇ ನೋಡಿ. ರೇಡಿಯೊ, ಟೇಪ್ ರಿಪೇರಿ ಎಂದು ಬೋರ್ಡು ಹಾಕಿದ್ದ ಕಡೆ ಈಗ ಮೊಬೈಲ್ ಅಂಗಡಿ ಇದೆ.

ಮನೆಯಲ್ಲಿ ಹಳೆ ಟೇಪ್ ರೆಕಾರ್ಡರ್ ಇದ್ದರೆ ಗುಜರಿಗೆ ಹಾಕಬೇಡಿ. ಬಹುಪಾಲು ಅದರ ಕಾಯಿಲೆ ಬೆಲ್ಟು. ವರ್ಷಗಟ್ಟಲೆ ನಿಂತ ರಬ್ಬರ್ ಬೆಲ್ಟು ಸಡಿಲವಾಗಿ ದನಿ ಎಳೆಯುತ್ತದೆ, ಇಲ್ಲವೇ ಕರಗಿ ಕಪ್ಪು ಅಂಟಾಗಿರುತ್ತದೆ. ಎರಡನೆಯದು ರೀಲನ್ನು ಎಳೆಯುವ ರಬ್ಬರ್ ರೋಲರು. ಅದು ಗಟ್ಟಿಯಾಗಿ ಹೊಳೆಯುತ್ತಿದ್ದರೆ ರೀಲನ್ನು ಸುತ್ತಿಕೊಂಡು ‘ತಿಂದುಬಿಡುತ್ತದೆ’. ಎರಡೂ ಬದಲಿಸುವಂಥವು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಳತೆ ಕೊಟ್ಟು ಕೇಳಬಹುದು. ಹಳೆಯ ರಿಪೇರಿಯವರು ಸಿಕ್ಕರೆ, ‘ಅಣ್ಣ, ಬೆಲ್ಟ್ ಹಾಕಿ, ರೋಲರ್ ನೋಡಿ, ಹೆಡ್ ಒರೆಸಿ, ಸ್ಪೀಡು ಸರಿ ಮಾಡಿಕೊಡಿ’ ಎಂದು ನಾಲ್ಕನ್ನೂ ಸ್ಪಷ್ಟವಾಗಿ ಹೇಳಿ. ಸುಮ್ಮನೆ ‘ಓಡೋ ಹಂಗೆ ಮಾಡಿಕೊಡಿ’ ಎಂದರೆ ಬೆಲ್ಟು ಹಾಕಿ ಕೊಟ್ಟುಬಿಡುತ್ತಾರೆ.

ಕಂಪ್ಯೂಟರಿಗೆ ನೇರ ಸಿಕ್ಕಿಸುವ ಅಗ್ಗದ ಯುಎಸ್‌ಬಿ ಪ್ಲೇಯರ್‌ಗಳು ಮಾರಾಟಕ್ಕಿವೆ. ಸಿನಿಮಾ ಹಾಡಿಗೆ ಸಾಕು, ಮನೆಯ ಅಪರೂಪದ ರೆಕಾರ್ಡಿಂಗಿಗೆ ನಾನು ಅವನ್ನು ಹೇಳಲಾರೆ. ಒಳಗಿನ ಯಂತ್ರ ತೀರಾ ಸಾದಾ, ವೇಗ ಅಲುಗಾಡುತ್ತದೆ. ಎಳೆದ ರಾಗ, ಹಾರ್ಮೋನಿಯಂ ಸ್ವರ ನಡುಗಿದಂತೆ ಕೇಳುತ್ತದೆ. ಒಳ್ಳೆಯ ಸ್ಥಿತಿಯ ಹಳೆ ಕ್ಯಾಸೆಟ್ ಡೆಕ್ ಒಂದನ್ನು ನೆಂಟರಲ್ಲಿ, ಪರಿಚಯದವರಲ್ಲಿ ಹುಡುಕಿ. ನಾಲ್ಕು ಮನೆಯವರು ಸೇರಿ ಒಂದನ್ನು ರಿಪೇರಿ ಮಾಡಿಸಿಕೊಂಡರೆ ಖರ್ಚೂ ಹಗುರ.

ಹಾಕುವ ಮುನ್ನ

ಮೊಟ್ಟಮೊದಲು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಎಲೆಗಳನ್ನು ಮುರಿದುಬಿಡಿ. ಅವು ಮುರಿದ ಮೇಲೆ ಕೆಂಪು ಬಟನ್ ಒತ್ತಲು ಬರುವುದಿಲ್ಲ. ಯಾರೋ ಕೈತಪ್ಪಿ ರೆಕಾರ್ಡ್ ಒತ್ತಿ ಅಜ್ಜಿಯ ಪದದ ನಡುವೆ ಅರ್ಧ ನಿಮಿಷದ ಖಾಲಿ ಬಿದ್ದ ಕಥೆ ಎಷ್ಟೋ ಮನೆಯಲ್ಲಿದೆ. ಒಂದು ನಿಮಿಷದ ಕೆಲಸ, ಈ ಬರಹ ಮುಗಿಯುವ ಮುನ್ನವೇ ಮಾಡಬಹುದು.

ಆಮೇಲೆ ಹೆಡ್. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಕಡ್ಡಿಗೆ ತುಸು ತಾಗಿಸಿ ಹೆಡ್ಡನ್ನೂ ರೋಲರಿನ ಪಕ್ಕದ ಲೋಹದ ಕಡ್ಡಿಯನ್ನೂ ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವವರೆಗೆ. ರಬ್ಬರಿಗೆ ಒದ್ದೆ ಬಟ್ಟೆ ಸಾಕು. ಚೆನ್ನಾಗಿ ಒಣಗಿದ ಮೇಲೆ ಮೊದಲು ಹಾಕಬೇಕಾದದ್ದು ಹೋದರೂ ಚಿಂತೆಯಿಲ್ಲದ ಯಾವುದಾದರೂ ಕ್ಯಾಸೆಟ್. ಅದು ಎರಡೂ ಬದಿ ಸರಾಗವಾಗಿ ಓಡಿದರೆ ಮಾತ್ರ ಮನೆಯ ಕ್ಯಾಸೆಟ್ಟಿಗೆ ಕೈ ಹಾಕಿ.

ಬಹುಕಾಲ ಮುಟ್ಟದ ಕ್ಯಾಸೆಟ್ಟಿನ ಸುತ್ತುಗಳು ಒಂದಕ್ಕೊಂದು ಹಿಡಿದಿರುತ್ತವೆ. ಪೆನ್ಸಿಲ್ ಹಾಕಿ ನಿಧಾನಕ್ಕೆ ಸ್ವಲ್ಪ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಯಂತ್ರದಲ್ಲಿ ಒಮ್ಮೆ ಆ ತುದಿಯಿಂದ ಈ ತುದಿಗೆ ಸುತ್ತಿಸಿ. ತಡೆದು ತಡೆದು ತಿರುಗಿದರೆ ಫಾರ್ವರ್ಡ್ ಒತ್ತಬೇಡಿ, ಕೈಯಲ್ಲೇ ಸುತ್ತಿ.

ದನಿ ಮಂದವಾಗಿ ಬಂದರೆ ರೀಲನ್ನು ದೂರುವ ಮುನ್ನ ಹೆಡ್ಡಿನ ಓರೆಯನ್ನು ನೋಡಬೇಕು. ಒಂದು ಯಂತ್ರದ ಹೆಡ್ಡು ಇನ್ನೊಂದರ ಹಾಗೆ ನಿಂತಿರುವುದಿಲ್ಲ, ಕೂದಲೆಳೆಯಷ್ಟು ವಾಲಿರುತ್ತದೆ. ಒಂದರಲ್ಲಿ ತುಂಬಿಸಿ ಮತ್ತೊಂದರಲ್ಲಿ ಕೇಳಿದರೆ ಮೊನಚು ಹೋಗುವುದು ಇದಕ್ಕೇ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಅತ್ತ ಇತ್ತ ತುಸು ತಿರುಗಿಸುತ್ತ ಕೇಳಿದರೆ ಒಂದು ಜಾಗದಲ್ಲಿ ದನಿ ಪರದೆ ಸರಿದಂತೆ ತೆರೆದುಕೊಳ್ಳುತ್ತದೆ. ತಿರುಗಿಸುವ ಮುನ್ನ ಸ್ಕ್ರೂ ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಇದೊಂದರಿಂದ ಆಗುವಷ್ಟು ಉಪಕಾರ ಯಾವ ಸಾಫ್ಟ್‌ವೇರಿನಿಂದಲೂ ಆಗದು.

ಕಂಪ್ಯೂಟರಿಗೆ ಇಳಿಸುವುದು

ಟೇಪಿನ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡುವುದು ಸುಲಭ, ಆದರೆ ಫ್ಯಾನಿನ ಸದ್ದು, ಬೀದಿಯ ಸದ್ದು, ಸ್ಪೀಕರಿನ ಕೊರತೆ ಎಲ್ಲ ಸೇರಿಕೊಳ್ಳುತ್ತದೆ. ತಂತಿ ಹಾಕಿ. ಡೆಕ್ಕಿನ ‘ಲೈನ್ ಔಟ್’ ಅಥವಾ ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ. ಈಗಿನ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಮೈಕಿನ ತೂತು ಮಾತ್ರ ಇರುತ್ತದೆ, ಅದಕ್ಕೆ ಕೊಟ್ಟರೆ ದನಿ ಒಡೆಯುತ್ತದೆ. ಸ್ಟೀರಿಯೊ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಕೊಳ್ಳಿ. ರೆಕಾರ್ಡ್ ಮಾಡಲು ‘ಆಡಾಸಿಟಿ’ ಎಂಬ ಉಚಿತ ಸಾಫ್ಟ್‌ವೇರ್ ಸಾಕು.

ಯಂತ್ರದ ಬಾಸ್, ಟ್ರೆಬಲ್ ಗುಂಡಿಗಳನ್ನು ನಡುವೆ ನಿಲ್ಲಿಸಿ, ಮೊರೆತ ತಗ್ಗಿಸುವ ಡಾಲ್ಬಿ ಸ್ವಿಚ್ ಇದ್ದರೆ ಆರಿಸಿ. ಮನೆಯ ರೆಕಾರ್ಡಿಂಗಿನಲ್ಲಿ ಅದನ್ನು ಬಳಸಿರುವ ಸಂಭವ ಕಡಿಮೆ. ಸಾಫ್ಟ್‌ವೇರಿನಲ್ಲಿ 48 ಕಿಲೊಹರ್ಟ್ಜ್, 24 ಬಿಟ್ ಆರಿಸಿ. ದನಿ ಅತಿ ಜೋರಾದಾಗಲೂ ಸೂಚಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ನಾಟಕದ ಕ್ಯಾಸೆಟ್ಟಿನಲ್ಲಿ ಮಾತು ಮೆಲ್ಲಗಿದ್ದು ಕಂದಪದ್ಯ ಬಂದಾಗ ಮೈಕು ಗದರುತ್ತದೆ; ಅಂಥ ಕಡೆಗೆ ಮೊದಲು ಸುತ್ತಿಸಿ ಪ್ರಮಾಣ ಗೊತ್ತು ಮಾಡಿಕೊಳ್ಳಿ. ಆಮೇಲೆ ಎ ಬದಿ ಶುರುವಿನಿಂದ ಕೊನೆಯವರೆಗೆ ನಿಲ್ಲಿಸದೆ ಓಡಲಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಬೇಡವೆನಿಸುವ ಕೆಮ್ಮು, ಕೋಳಿ ಕೂಗು, ‘ಮೈಕ್ ಟೆಸ್ಟಿಂಗ್’ ಯಾವುದನ್ನೂ ಕತ್ತರಿಸಬೇಡಿ. ಅದೂ ಆ ದಿನದ್ದೇ.

ಕಡತವನ್ನು ‘ವೇವ್’ ರೂಪದಲ್ಲಿ ಉಳಿಸಿ. ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಈಗಿನ ಹಾರ್ಡ್‌ಡಿಸ್ಕಿಗೆ ಅದು ದೊಡ್ಡದಲ್ಲ. ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸಲು ಅದರಿಂದ ಎಂಪಿ3 ಪ್ರತಿ ಮಾಡಿಕೊಳ್ಳಿ. ಮೊರೆತ ತೆಗೆಯುವುದು, ದನಿ ಏರಿಸುವುದು ಎಲ್ಲವೂ ಪ್ರತಿಯ ಮೇಲೆ ಮಾತ್ರ. ಮೊರೆತವನ್ನು ಪೂರ್ತಿ ಒರೆಸಲು ಹೋದರೆ ಹಾಡುವವರ ಉಸಿರೂ ಅದರ ಜೊತೆ ಹೋಗುತ್ತದೆ.

ಸೆಲ್ ಇಳಿದು ಶ್ರುತಿ ಏರಿದ ಕ್ಯಾಸೆಟ್ಟಿನ ವಿಷಯ ಹೇಳಿದ್ದೆನಲ್ಲ. ಪೌರಾಣಿಕ ನಾಟಕದಲ್ಲಿ ಮೇಷ್ಟ್ರ ಹಾರ್ಮೋನಿಯಂ ಶುರುವಿನಿಂದ ಮಂಗಳದವರೆಗೆ ಇರುತ್ತದೆ, ಅದರ ಶ್ರುತಿ ಬದಲಾಗುವುದಿಲ್ಲ. ಸೆಲ್ ಹೊಸದಿದ್ದಾಗಿನ ಷಡ್ಜವನ್ನು ಹಿಡಿದುಕೊಳ್ಳಿ, ಕೊನೆಯ ಅಂಕದ್ದನ್ನು ಅದಕ್ಕೆ ಹೋಲಿಸಿ. ಶ್ರುತಿ ಪಕ್ಕದ ಒಂದು ಮನೆಯಷ್ಟು, ಅಂದರೆ ಬಿಳಿಯಿಂದ ತಾಗಿದ ಕಪ್ಪು ಮನೆಗೆ ಏರಿದ್ದರೆ ವೇಗ ಸುಮಾರು 6 ಪ್ರತಿಶತ ಹೆಚ್ಚಾಗಿದೆ ಎಂದರ್ಥ. ಸಾಫ್ಟ್‌ವೇರಿನಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸುವ ಆಯ್ಕೆಯಿದೆ, ಅದನ್ನೇ ಬಳಸಿ. ಸಂಗೀತ ಪಾಠದ ಕ್ಯಾಸೆಟ್ಟಿಗೆ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಇದೇ ಕೆಲಸಕ್ಕೆ ಬರುತ್ತದೆ. ಕಿವಿ ಪಳಗಿದ ಹಾರ್ಮೋನಿಯಂ ಮೇಷ್ಟ್ರೊಬ್ಬರು ಊರಿನಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹೆಸರು ಬರೆಯದ ದನಿ

ತಂತ್ರದ ಕೆಲಸಕ್ಕಿಂತ ಅವಸರದ್ದು ಇದು. ಕ್ಯಾಸೆಟ್ಟಿನ ಮೇಲೆ ‘ನಾಟಕ 2’ ಎಂದಷ್ಟೇ ಬರೆದಿರುತ್ತದೆ. ಯಾವ ವರ್ಷ, ಶಕುನಿ ಯಾರು, ತಬಲ ಯಾರು, ಸೋಬಾನೆಯಲ್ಲಿ ಸೊಲ್ಲು ಎತ್ತಿಕೊಟ್ಟ ಹೆಂಗಸು ಯಾವ ಮನೆಯವರು ಎಂಬುದು ಈಗ ಎಪ್ಪತ್ತು ಎಂಬತ್ತು ದಾಟಿದವರಿಗೆ ಮಾತ್ರ ಗೊತ್ತು. ಇಳಿಸಿದ ಕೂಡಲೇ ಅವರಿಗೆ ಕೇಳಿಸಿ. ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಡತದ ಜೊತೆಗೇ ಇಡಿ. ಕಡತದ ಹೆಸರಿನಲ್ಲಿ ವರ್ಷ, ಊರು, ಏನು ಎಂಬ ಮೂರಾದರೂ ಇರಲಿ. ಕ್ಯಾಸೆಟ್ಟಿನ, ಅದರ ಚೀಟಿಯ ಫೋಟೊ ತೆಗೆದಿಡಿ. ಅಪ್ಪನ ಕೈಬರಹವೂ ದಾಖಲೆಯೇ.

ಪ್ರತಿಗಳು ಮೂರು ಕಡೆ ಇರಲಿ: ಮನೆಯ ಕಂಪ್ಯೂಟರಿನಲ್ಲಿ, ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಬೇರೆ ಊರಿನ ನೆಂಟರ ಮನೆಯಲ್ಲಿ. ಒಂದೇ ಪೆನ್‌ಡ್ರೈವಿಗೆ ಹಾಕಿ ಕ್ಯಾಸೆಟ್ ಎಸೆಯುವುದು ಇದ್ದದ್ದನ್ನೂ ಕಳೆದುಕೊಳ್ಳುವ ದಾರಿ. ಇಳಿಸಿದ ಮೇಲೂ ಮೂಲ ಕ್ಯಾಸೆಟ್ ಇರಲಿ. ಮುಂದೆ ಇನ್ನೂ ಒಳ್ಳೆಯ ಯಂತ್ರದಲ್ಲಿ ಯಾರಾದರೂ ತೆಗೆಯಬಹುದು. ಒಂದು ಬದಿಗೆ ಪೂರ್ತಿ ಸುತ್ತಿ, ಡಬ್ಬಿಗೆ ಹಾಕಿ, ಪುಸ್ತಕದ ಹಾಗೆ ನಿಲ್ಲಿಸಿ, ಒಳಕೋಣೆಯ ಬೀರುವಿನ ನಡು ಅರೆಯಲ್ಲಿಡಿ. ಸ್ಪೀಕರ್, ಯುಪಿಎಸ್, ಸ್ಟೆಬಿಲೈಜರ್ ಹತ್ತಿರ ಬೇಡ. ಅವುಗಳ ಕಾಂತ ದನಿಯನ್ನು ಅಳಿಸಬಲ್ಲದು. ಮಳೆ ಸೀಮೆಯವರು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಆಗಾಗ ಪೊಟ್ಟಣ ಬದಲಿಸಬೇಕು.

ಕಂಪನಿಯ ಕ್ಯಾಸೆಟ್ಟುಗಳನ್ನು ಇಳಿಸಿ ಯೂಟ್ಯೂಬಿಗೆ ಹಾಕುವಂತಿಲ್ಲ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಊರಿನ ನಾಟಕ, ಸೋಬಾನೆಯಾದರೆ ಹಾಡಿದವರನ್ನೋ ಅವರ ಮಕ್ಕಳನ್ನೋ ಕೇಳಿ ಹಾಕಿ. ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ, ಕೇಳದೆ ಹಾಕಿದರೆ ಮಾತ್ರ ನೋಯುತ್ತಾರೆ. ಜನಪದ ಹಾಡುಗಳಿದ್ದರೆ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದವರನ್ನು, ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರನ್ನು ಒಮ್ಮೆ ಕೇಳಿ ನೋಡಿ. ಪ್ರತಿ ಕೊಡಿ, ಮೂಲ ನಿಮ್ಮಲ್ಲೇ ಇರಲಿ.

ಎಲ್ಲ ಕ್ಯಾಸೆಟ್ಟನ್ನೂ ಒಟ್ಟಿಗೆ ಮಾಡಬೇಕೆಂದು ಕೂತರೆ ಒಂದೂ ಆಗುವುದಿಲ್ಲ. ಈ ವಾರ ಒಂದನ್ನು ಆರಿಸಿ: ಮನೆಯಲ್ಲಿ ಈಗ ಇಲ್ಲದವರ ದನಿ ಇರುವುದನ್ನು. ಅದರ ಬೆನ್ನಿನ ಎಲೆ ಮುರಿದು, ಕಾವಿಲ್ಲದ ಜಾಗಕ್ಕೆ ತಂದಿಡಿ, ಆ ದನಿಯನ್ನು ಗುರುತಿಸಬಲ್ಲ ಹಿರಿಯರು ಯಾರಿದ್ದಾರೆ ಎಂದು ವಿಚಾರಿಸಿ, ಅವರಿಗೆ ಫೋನ್ ಮಾಡಿ.